ಹಾಡಿಗೆ ಕೊನೆಯ ಹದ: ಕಂಪ್ರೆಸರ್ ಆರಿಸಿಕೊಳ್ಳುವ ಬಗೆ

ಕಂಪ್ರೆಸರ್ ಎಂದೊಡನೆ ಭೋಸರಿ, ಪಿಂಪ್ರಿ, ಚಿಂಚವಡಗಳ ಕಾರಖಾನೆಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ನೆನಪಾಗುವುದು ಸಹಜ. ನಾವು ಇಲ್ಲಿ ಹೇಳಹೊರಟಿರುವುದು ಬೇರೊಂದು ಕಂಪ್ರೆಸರಿನ ವಿಷಯ. ಇದು ಗಾಳಿಯನ್ನಲ್ಲ, ಧ್ವನಿಯ ಏರಿಳಿತವನ್ನು ಒತ್ತುತ್ತದೆ. ಹಿಂದೆ ಇದು ಕಬ್ಬಿಣದ ಪೆಟ್ಟಿಗೆಯಾಗಿತ್ತು. ಈಗ ಗಣಕಯಂತ್ರದೊಳಗೆ ಕೂಡಿಸಿಕೊಳ್ಳುವ ಪ್ಲಗ್‌ಇನ್ ಎಂಬ ಸಣ್ಣ ಕ್ರಮವಿಧಿಯಾಗಿದೆ.

ಈ ವಿಷಯ ನಮಗೇಕೆ ಎಂದು ಕೆಲವರು ಕೇಳಬಹುದು. ವಿಜಾಪುರ, ಬಾಗಲಕೋಟೆ, ಕಲಬುರ್ಗಿ ಕಡೆಯಿಂದ ಪುಣೆಗೆ ಬಂದ ತರುಣರ ಮೊಬೈಲುಗಳಲ್ಲಿ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳು ದಿನವೂ ಕೇಳಿಬರುತ್ತವೆ. ಅವರಲ್ಲಿ ಕೆಲವರು ರಾತ್ರಿ ಕೋಣೆಯಲ್ಲಿ ಕುಳಿತು, ಹಳೆಯ ಲ್ಯಾಪ್‌ಟಾಪಿನಲ್ಲಿ ತಾಳ ಕೂಡಿಸಿ ತಾವೇ ಹಾಡು ಕಟ್ಟುತ್ತಾರೆ. ಹಾಡು ಮುಗಿಯಿತೆನ್ನುವಾಗ ಏಳುವ ಪ್ರಶ್ನೆ ಒಂದೇ: “ಮಾಸ್ಟರಿಂಗಿಗೆ ಯಾವ ಕಂಪ್ರೆಸರ್ ಕೊಳ್ಳಬೇಕು?” ಊರಿಗೆ ಕಳಿಸಬೇಕಾದ ಪಗಾರದಲ್ಲಿ ಒಂದು ಪಾಲು ಇದಕ್ಕೆ ಹೋಗುವ ಸಂಭವವಿರುವುದರಿಂದ ಪ್ರಶ್ನೆ ಚಿಕ್ಕದಲ್ಲ. ಆದ್ದರಿಂದ ಮೊದಲಿನಿಂದ ವಿಚಾರಿಸೋಣ.

ಮಾಸ್ಟರಿಂಗ್ ಎಂದರೇನು?

ಹಾಡಿನ ಬೇರೆ ಬೇರೆ ಎಳೆಗಳನ್ನು, ಎಂದರೆ ಡೋಲು, ಬೇಸ್, ಕೀಬೋರ್ಡು, ಕಂಠ ಇವನ್ನು ಕೂಡಿಸುವುದು ಮಿಕ್ಸಿಂಗ್. ಕೂಡಿಸಿದ ಮೇಲೆ ದೊರೆತ ಒಂದೇ ಎಳೆಗೆ ಕೊನೆಯ ಹದ ಕೊಡುವುದು ಮಾಸ್ಟರಿಂಗ್. ಅಡಿಗೆಗೆ ಹೋಲಿಸುವುದಾದರೆ ಇದು ಕೊನೆಯ ಒಗ್ಗರಣೆ. ಬೇಯದ ಬೇಳೆಯನ್ನು ಒಗ್ಗರಣೆ ಬೇಯಿಸಲಾರದು. ಡೋಲು ಕಂಠವನ್ನು ಮುಚ್ಚಿಹಾಕುತ್ತಿದ್ದರೆ ಕಂಪ್ರೆಸರ್ ಹುಡುಕುವುದಲ್ಲ, ಮಿಕ್ಸಿಂಗಿಗೆ ಹಿಂದಿರುಗಿ ಡೋಲನ್ನು ತಗ್ಗಿಸಬೇಕು. ಇದು ಕಾಸು ಖರ್ಚಿಲ್ಲದ ಮೊದಲ ಪಾಠ.

ಕಂಪ್ರೆಸರ್ ಮಾಡುವ ಕೆಲಸ

ಗದಗ ಸೀಮೆಯಿಂದ ಬಂದು ಪುಣೆಯನ್ನೇ ಮನೆಯಾಗಿಸಿಕೊಂಡಿದ್ದ ಪಂಡಿತ ಭೀಮಸೇನ ಜೋಶಿಯವರ (೧೯೨೨–೨೦೧೧) ಗಾಯನವನ್ನು ನೆನೆಯಿರಿ. ಮಂದ್ರದಲ್ಲಿ ಪಿಸುಮಾತಿನಂತೆ ಆರಂಭವಾದ ಸ್ವರ ತಾರಕ್ಕೇರಿದಾಗ ಗುಡುಗಾಗುತ್ತಿತ್ತು. ಇಂಥ ಧ್ವನಿಯನ್ನು ಮುದ್ರಿಸುವವನು ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಸ್ವರ ಏರಿದಾಗ ತಗ್ಗಿಸಿ, ಇಳಿದಾಗ ಮತ್ತೆ ಬಿಡಬೇಕಾಗುತ್ತದೆ. ಆ ಕೈಯ ಕೆಲಸವನ್ನು ತಾನಾಗಿ ಮಾಡುವುದೇ ಕಂಪ್ರೆಸರ್.

ಇದರ ಲೆಕ್ಕ ಗುಮಾಸ್ತರಿಗೆ ಬಹು ಸುಲಭ, ಏಕೆಂದರೆ ಇದು ಆದಾಯ ತೆರಿಗೆಯ ಲೆಕ್ಕದಂತೆಯೇ ಇದೆ. ಇಂತಿಷ್ಟು ಆದಾಯದವರೆಗೆ ತೆರಿಗೆಯಿಲ್ಲ. ಅದರ ಮೇಲಿನ ಹಣಕ್ಕೆ ಮಾತ್ರ ಇಷ್ಟು ಪಾಲು ಎಂಬ ನಿಯಮವಿರುತ್ತದೆ. ಕಂಪ್ರೆಸರಿನಲ್ಲಿ ಆ ಎಲ್ಲೆಗೆ ಥ್ರೆಶೋಲ್ಡ್, ಎಂದರೆ ಹೊಸ್ತಿಲು, ಎಂದು ಹೆಸರು. ಪಾಲಿಗೆ ರೇಶಿಯೊ, ಎಂದರೆ ಪ್ರಮಾಣ. ಗಣಕಯಂತ್ರದಲ್ಲಿ ಧ್ವನಿಯ ಮೇಲ್ಛಾವಣಿ ೦ ಡೆಸಿಬೆಲ್; ಉಳಿದುದೆಲ್ಲ ಅದರ ಕೆಳಗೆ, ಋಣ ಸಂಖ್ಯೆಗಳಲ್ಲಿ. ಹೊಸ್ತಿಲನ್ನು –೧೮ಕ್ಕೂ ಪ್ರಮಾಣವನ್ನು ೨:೧ಕ್ಕೂ ಇಟ್ಟಿದ್ದೇವೆಂದು ತಿಳಿಯಿರಿ. ಬಂದ ಧ್ವನಿ –೧೪. ಅದು ಹೊಸ್ತಿಲನ್ನು ೪ ಡೆಸಿಬೆಲ್ ದಾಟಿದೆ. ಅದರಲ್ಲಿ ಅರ್ಧ, ಎಂದರೆ ೨ ಮಾತ್ರ ಉಳಿದು ಹೊರಬರುವ ಧ್ವನಿ –೧೬ ಆಗುತ್ತದೆ. ಕಳೆದ ೨ ಡೆಸಿಬೆಲ್ಲನ್ನು ಆಮೇಲೆ ಇಡೀ ಹಾಡಿಗೆ ಸಮವಾಗಿ ಹಿಂದಿರುಗಿಸಬಹುದು. ಇದಕ್ಕೆ ಮೇಕಪ್ ಎನ್ನುತ್ತಾರೆ. ಪರಿಣಾಮವಾಗಿ ಸಣ್ಣ ಧ್ವನಿಗಳು ಮೇಲೆ ಬರುತ್ತವೆ, ಎಲ್ಲವೂ ಒಂದಕ್ಕೊಂದು ಹತ್ತಿರವಾಗುತ್ತವೆ.

ಇನ್ನೆರಡು ಗುಂಡಿಗಳು ಕಾಲಕ್ಕೆ ಸಂಬಂಧಿಸಿದವು. ಹೊಸ್ತಿಲು ದಾಟಿದ ಮೇಲೆ ಎಷ್ಟು ಬೇಗ ಹಿಡಿಯಬೇಕೆಂಬುದು ಅಟ್ಯಾಕ್. ಧ್ವನಿ ಇಳಿದ ಮೇಲೆ ಎಷ್ಟು ಬೇಗ ಬಿಡಬೇಕೆಂಬುದು ರಿಲೀಸ್. ಎರಡನ್ನೂ ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ.

ಪೆಟ್ಟಿಗೆಯಿಂದ ಪ್ಲಗ್‌ಇನ್ನಿಗೆ

ಇಂದಿನ ಪ್ಲಗ್‌ಇನ್ನುಗಳಲ್ಲಿ ಅನೇಕವು ಹಳೆಯ ಪೆಟ್ಟಿಗೆಗಳ ಅನುಕರಣೆಗಳು. ಆದ್ದರಿಂದ ಮೂಲದ ಜಾತಿಗಳನ್ನು ತಿಳಿದವನಿಗೆ ಜಾಹೀರಾತಿನ ಮಾತು ತಾನಾಗಿ ಅರ್ಥವಾಗುತ್ತದೆ.

ಮೊದಲನೆಯದು ವಾಲ್ವುಗಳ ಜಾತಿ, ಇದಕ್ಕೆ ವೇರಿ-ಮ್ಯೂ ಎಂದು ಹೆಸರು. ರೈನ್ ನಾರ್ಮಾ ಎಂಬವರು ೧೯೫೦ರ ದಶಕದ ಕೊನೆಯಲ್ಲಿ ರೂಪಿಸಿದ ಫೇರ್‌ಚೈಲ್ಡ್ ೬೭೦ ಇದರಲ್ಲಿ ಪ್ರಸಿದ್ಧ. ಅದರೊಳಗೆ ೨೦ ವಾಲ್ವುಗಳಿದ್ದವು. ಇದರ ಹಿಡಿತ ಮೆತ್ತಗಿನದು. ಎರಡನೆಯದು ಬೆಳಕಿನ ಜಾತಿ, ಆಪ್ಟೊ. ಧ್ವನಿ ಏರಿದಂತೆ ಒಳಗಿನ ದೀಪ ಬೆಳಗಿ, ಆ ಬೆಳಕು ಧ್ವನಿಯನ್ನು ತಗ್ಗಿಸುತ್ತದೆ. ೧೯೬೦ರ ದಶಕದ ಎಲ್‌ಎ-೨ಎ ಈ ಬಗೆಯದು. ಇದರ ಬಿಡುವು ನಿಧಾನ. ಕಂಠಕ್ಕೆ ಬಹಳ ಒಪ್ಪುತ್ತದೆ. ಮೂರನೆಯದು ಫೆಟ್ ಟ್ರಾನ್ಸಿಸ್ಟರಿನದು. ಬಿಲ್ ಪಟ್ನಮ್ ರೂಪಿಸಿ ೧೯೬೭ರ ಸುಮಾರಿಗೆ ಬಂದ ೧೧೭೬ ಈ ಜಾತಿಯದು. ಮಿಂಚಿನ ವೇಗ, ಸ್ವಲ್ಪ ಒರಟು. ನಾಲ್ಕನೆಯದು ವಿಸಿಎ. ೧೯೭೦ರ ದಶಕದಲ್ಲಿ ಡಿಬಿಎಕ್ಸ್ ಪೆಟ್ಟಿಗೆಗಳಿಂದಲೂ, ಆಮೇಲೆ ಎಸ್‌ಎಸ್‌ಎಲ್ ಮಿಕ್ಸರುಗಳಿಂದಲೂ ಹೆಸರಾದ ಇದು ಹೇಳಿದಷ್ಟನ್ನು ಖಚಿತವಾಗಿ ಮಾಡುತ್ತದೆ. ಐದನೆಯದು ಯಾವ ಪೆಟ್ಟಿಗೆಯನ್ನೂ ಅನುಕರಿಸದೆ, ತನ್ನದೊಂದು ಬಣ್ಣ ಹಚ್ಚದೆ, ಕೇವಲ ಗಣಿತದಿಂದ ನಡೆಯುವ ಶುದ್ಧ ಡಿಜಿಟಲ್ ಬಗೆ.

ಎಲೆಕ್ಟ್ರಾನಿಕ್ ಸಂಗೀತಕ್ಕೆ ಬೇಕಾದುದೇನು?

ನಮ್ಮ ದೇಶಕ್ಕೆ ಈ ಸಂಗೀತ ಹೊಸದೇನಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಮೂಗ್ ಯಂತ್ರವಿದ್ದ ಸ್ಟುಡಿಯೊ ತೆರೆದಿತ್ತು. ಮುಂಬಯಿಯ ಚರಣಜಿತ್ ಸಿಂಗ್ ೧೯೮೨ರಲ್ಲಿ ಹತ್ತು ರಾಗಗಳನ್ನು ತಾಳಯಂತ್ರಕ್ಕೆ ಕೂಡಿಸಿ ಧ್ವನಿಮುದ್ರಿಕೆ ಹೊರತಂದರು. ಪುಣೆಯಲ್ಲೂ ೨೦೧೬ರಿಂದ ೨೦೧೮ರವರೆಗೆ ಸನ್‌ಬರ್ನ್ ಮೇಳ ನಡೆದು ಇಂಥ ಸಂಗೀತ ಬಯಲಿನಲ್ಲಿ ಮೊಳಗಿತು.

ಈ ಸಂಗೀತದ ಲಕ್ಷಣವೇನೆಂದರೆ, ಪ್ರತಿ ಮಾತ್ರೆಗೂ ಬೀಳುವ ದಪ್ಪ ಡೋಲು, ಅಂದರೆ ಕಿಕ್. ಬಹುಪಾಲು ಶಕ್ತಿಯೆಲ್ಲ ಕೆಳಗಿನ ನಾದದಲ್ಲಿರುತ್ತದೆ. ಆದ್ದರಿಂದ ಆರಿಸುವಾಗ ನಾಲ್ಕು ಸಂಗತಿಗಳನ್ನು ನೋಡಬೇಕು.

ಒಂದು: ಸೈಡ್‌ಚೈನ್ ಹೈಪಾಸ್ ಫಿಲ್ಟರ್ ಇರಬೇಕು. ಇದಿಲ್ಲದಿದ್ದರೆ ಕಿಕ್ ಬಿದ್ದಾಗಲೆಲ್ಲ ಕಂಠವೂ ಕೀಬೋರ್ಡೂ ಕೂಡಿಯೇ ಕುಗ್ಗಿ, ಹಾಡು ತಿದಿಯೊತ್ತಿದಂತೆ ಏದುಸಿರು ಬಿಡುತ್ತದೆ. ಫಿಲ್ಟರನ್ನು ೧೦೦ ಹರ್ಟ್ಸ್ ಸುಮಾರಿಗೆ ಇಟ್ಟರೆ ಯಂತ್ರ ಕೆಳನಾದವನ್ನು ಅಷ್ಟಾಗಿ ಲೆಕ್ಕಿಸದೆ ಉಳಿದುದನ್ನು ಕೇಳಿ ಕೆಲಸ ಮಾಡುತ್ತದೆ. ಬೇಕೆಂದೇ ಆ ಏದುಸಿರನ್ನು ತರುವ ಹಾಡುಗಳೂ ಉಂಟು. ಆದರೆ ಅದನ್ನು ಮಿಕ್ಸಿಂಗಿನಲ್ಲಿಯೇ ಮಾಡಬೇಕು.

ಎರಡು: ಅಟ್ಯಾಕನ್ನು ನಿಧಾನಗೊಳಿಸಲು ಬರುವಂತಿರಬೇಕು. ೫೦ ಹರ್ಟ್ಸಿನ ಒಂದು ಅಲೆ ಪೂರ್ತಿಯಾಗಲು ೨೦ ಮಿಲಿಸೆಕೆಂಡು ಬೇಕು. ಹಿಡಿತವೂ ಬಿಡುವೂ ಅದಕ್ಕಿಂತ ಬಹಳ ವೇಗವಾಗಿದ್ದರೆ ಯಂತ್ರ ಅಲೆಯ ಆಕಾರವನ್ನೇ ಹಿಂಡಿ ಧ್ವನಿ ಒಡೆಯುತ್ತದೆ. ೩೦ ಮಿಲಿಸೆಕೆಂಡಿನಿಂದ ಆರಂಭಿಸಿದರೆ ಕಿಕ್ಕಿನ ಮೊದಲ ಪೆಟ್ಟು ಉಳಿಯುತ್ತದೆ.

ಮೂರು: ರಿಲೀಸ್ ಹಾಡಿನ ಲಯಕ್ಕೆ ಹೊಂದಬೇಕು. ಲೆಕ್ಕ ಹೀಗೆ: ೬೦,೦೦೦ವನ್ನು ನಿಮಿಷಕ್ಕೆ ಬೀಳುವ ಮಾತ್ರೆಗಳಿಂದ ಭಾಗಿಸಿ. ೧೨೦ ಮಾತ್ರೆಯ ಹಾಡಿಗೆ ೫೦೦ ಮಿಲಿಸೆಕೆಂಡು. ೧೨೮ರ ಹಾಡಿಗೆ ಸುಮಾರು ೪೬೯. ಮುಂದಿನ ಪೆಟ್ಟು ಬೀಳುವುದರೊಳಗೆ ಮುಳ್ಳು ಹಿಂದಿರುಗಿರಬೇಕು. ಆದ್ದರಿಂದ ೧೦೦ರಿಂದ ೨೦೦ರೊಳಗೆ ಆರಂಭಿಸಿ ಕಿವಿಯಿಂದ ಸರಿಮಾಡಿಕೊಳ್ಳುವುದು ಲೇಸು.

ನಾಲ್ಕು: ಎಷ್ಟು ಒತ್ತಿದೆ ಎಂಬುದನ್ನು ಖಚಿತವಾಗಿ ತೋರಿಸುವ ಮೀಟರೂ, ಒಂದೇ ಒತ್ತಿಗೆ ಯಂತ್ರವನ್ನು ತೆಗೆದು ಮೂಲ ಕೇಳಿಸುವ ಬೈಪಾಸ್ ಗುಂಡಿಯೂ ಇರಬೇಕು.

ಪ್ರಮಾಣ ೧.೫:೧ರಿಂದ ೨:೧ ಸಾಕು. ಒಟ್ಟು ೧ರಿಂದ ೨ ಡೆಸಿಬೆಲ್ ಕಳೆದರೆ ಬಹಳವಾಯಿತು. ೫–೬ ಡೆಸಿಬೆಲ್ ಕಳೆಯಬೇಕಾಗಿ ಬಂದರೆ ದೋಷ ಮಿಕ್ಸಿಂಗಿನಲ್ಲಿದೆಯೆಂದೇ ತಿಳಿಯಬೇಕು.

ಯಾವುದನ್ನು ತೆಗೆದುಕೊಳ್ಳಬೇಕು?

ಮೊದಲು ಮನೆಯಲ್ಲಿರುವುದನ್ನೇ ನೋಡಿರಿ. ಎಫ್‌ಎಲ್ ಸ್ಟುಡಿಯೊ ಇರುವವರಿಗೆ ಫ್ರೂಟಿ ಲಿಮಿಟರಿನೊಳಗೇ ಕಂಪ್ರೆಸರ್ ಇದೆ. ರೀಪರ್ ಇರುವವರಿಗೆ ರೀಕಾಂಪ್ ಇದ್ದು, ಅದರಲ್ಲಿ ಮೇಲೆ ಹೇಳಿದ ಫಿಲ್ಟರೂ ಉಂಟು. ಏಬಲ್ಟನ್ ಲೈವಿನ ಕೆಲವು ಆವೃತ್ತಿಗಳಲ್ಲಿ ಎಸ್‌ಎಸ್‌ಎಲ್ ಮಾದರಿಯ ಗ್ಲೂ ಕಂಪ್ರೆಸರ್ ಇದೆ. ಇವುಗಳಿಂದ ಕಲಿತವನಿಗೆ ಉಳಿದುದೆಲ್ಲ ಸುಲಭ.

ಹೊರಗಿನದು ಬೇಕೇ ಎಂದಾದರೆ ಟೋಕಿಯೊ ಡಾನ್ ಲ್ಯಾಬ್ಸ್ ಅವರ ಕೊಟೆಲ್ನಿಕೋವ್ ಎಂಬುದರ ಸಾದಾ ಆವೃತ್ತಿ ಉಚಿತವಾಗಿ ಸಿಗುತ್ತದೆ. ಇದು ಬಣ್ಣ ಹಚ್ಚದ ಡಿಜಿಟಲ್ ಜಾತಿಯದು. ಇಡೀ ಹಾಡಿನ ಮೇಲೆ ಹಾಕಲೆಂದೇ ಮಾಡಿದ್ದು. ಸ್ವಲ್ಪ ವಾಲ್ವಿನ ಮೆರುಗು ಬೇಕೆಂದರೆ ಕ್ಲಾಂಗ್‌ಹೆಲ್ಮ್ ಅವರ ಎಂಜೆಯುಸಿ ಜೂನಿಯರ್ ಇದೆ. ಅದೂ ಉಚಿತ, ಗುಂಡಿಗಳೂ ಕಡಿಮೆ. ಫ್ಯಾಬ್‌ಫಿಲ್ಟರ್ ಪ್ರೊ-ಸಿಯಂಥ ಬೆಲೆಯುಳ್ಳವು ಒಳ್ಳೆಯವೇ. ಆದರೆ ಮೇಲಿನವುಗಳಲ್ಲಿ ಕೊರತೆ ಯಾವುದೆಂದು ನಿಮ್ಮ ಬಾಯಿಂದಲೇ ಹೇಳಬಲ್ಲಿರಾದಾಗ ಮಾತ್ರ ಕೊಳ್ಳಿರಿ. ಕದ್ದ ಪ್ರತಿಗಳನ್ನು ಹಾಕಿಕೊಳ್ಳುವುದು ಅಪರಾಧವಷ್ಟೇ ಅಲ್ಲ. ಅವುಗಳೊಡನೆ ವೈರಸ್ ಬಂದು ವರ್ಷದ ಹಾಡುಗಳೆಲ್ಲ ಒಂದೇ ದಿನ ಹೋಗಬಹುದು.

ಕಿವಿಯ ಪರೀಕ್ಷೆ

ಮನುಷ್ಯನ ಕಿವಿಗೆ ಒಂದು ದೌರ್ಬಲ್ಯವುಂಟು: ಸ್ವಲ್ಪ ಜೋರಾದುದನ್ನೇ ಅದು ಚೆನ್ನಾದುದೆಂದು ನಂಬುತ್ತದೆ. ಒಂದು ಡೆಸಿಬೆಲ್ ಏರಿಸಿದರೂ ಸಾಕು, ಕಂಪ್ರೆಸರ್ ಪವಾಡ ಮಾಡಿತೆನಿಸುತ್ತದೆ. ಆದ್ದರಿಂದ ಮೇಕಪ್ ಗುಂಡಿಯಿಂದ ಎರಡೂ ಧ್ವನಿಗಳನ್ನು ಸಮನಾಗಿಸಿ, ಕಣ್ಣು ಮುಚ್ಚಿಕೊಂಡು ಬೈಪಾಸ್ ಒತ್ತುತ್ತಾ ಹೋಲಿಸಬೇಕು. ಗೆಳೆಯನೊಬ್ಬನು ಗುಂಡಿ ಒತ್ತಿದರೆ ಇನ್ನೂ ಮೇಲು. ಯಾವುದು ಯಾವುದೆಂದು ಹೇಳಲಾಗದಿದ್ದರೆ ಆ ಯಂತ್ರ ನಿಮಗೆ ಬೇಕಿಲ್ಲ.

ನಮ್ಮ ಗಿರಣಿ ಕಾಮಗಾರರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎಂಟು ತಾಸು ಯಂತ್ರಗಳ ಸಪ್ಪಳದಲ್ಲಿ ನಿಂತು ಬಂದ ಕಿವಿ ಕೆಲ ಕಾಲ ಮಂದವಾಗಿರುತ್ತದೆ. ಅದರಲ್ಲೂ ಮೇಲಿನ ನಾದಗಳು ಸರಿಯಾಗಿ ಕೇಳಿಸವು. ಆ ಹೊತ್ತಿನಲ್ಲಿ ಮಾಸ್ಟರಿಂಗಿಗೆ ಕುಳಿತರೆ ಹಾಡು ಕರ್ಕಶವಾಗುವುದು ಖಂಡಿತ. ರಜೆಯ ದಿನ ಬೆಳಿಗ್ಗೆ, ನಿದ್ರೆಯಾದ ಮೇಲೆ, ಸಣ್ಣ ಧ್ವನಿಯಲ್ಲಿ ಈ ಕೆಲಸ ಮಾಡಬೇಕು. ಕಾರಖಾನೆಯಲ್ಲಿ ಕಿವಿಗೆ ರಕ್ಷಣೆ ಕೊಟ್ಟಿದ್ದರೆ ತಪ್ಪದೆ ಹಾಕಿಕೊಳ್ಳಬೇಕು. ಪ್ಲಗ್‌ಇನ್ನನ್ನು ಮತ್ತೆ ಕೊಳ್ಳಬಹುದು, ಕಿವಿಯನ್ನಲ್ಲ.

ಜೋರೇ ಗುಣವಲ್ಲ

“ನಮ್ಮ ಹಾಡು ಎಲ್ಲರದಕ್ಕಿಂತ ಜೋರಾಗಿ ಕೇಳಬೇಕು” ಎಂಬ ಆಸೆಯೇ ಬಹಳ ಹಾಡುಗಳನ್ನು ಕೆಡಿಸಿದೆ. ೨೦೦೮ರಲ್ಲಿ ಮೆಟಾಲಿಕಾ ತಂಡದ ಡೆತ್ ಮ್ಯಾಗ್ನೆಟಿಕ್ ಮುದ್ರಿಕೆ ವಿಪರೀತ ಒತ್ತಿದ್ದರಿಂದ ಧ್ವನಿ ಒಡೆದಿದೆಯೆಂದು ಅಭಿಮಾನಿಗಳೇ ದೂರಿದರು. ಈಗಂತೂ ಈ ಪೈಪೋಟಿಗೆ ಅರ್ಥವೇ ಇಲ್ಲ. ೨೦೦೬ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಧ್ವನಿಯ ಜೋರನ್ನು ಅಳೆಯುವ ಕ್ರಮವೊಂದನ್ನು ಗೊತ್ತುಪಡಿಸಿತು; ಅದರ ಮಾನಕ್ಕೆ ಲಫ್ಸ್ ಎನ್ನುತ್ತಾರೆ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ –೧೪ ಲಫ್ಸ್ ಮಟ್ಟಕ್ಕೆ ತಂದು ನುಡಿಸುತ್ತದೆ. ಯೂಟ್ಯೂಬ್ ಕೂಡ ಅತಿ ಜೋರಾದುದನ್ನು ತಗ್ಗಿಸುತ್ತದೆ. ಒತ್ತಿ ಒತ್ತಿ –೬ಕ್ಕೆ ಏರಿಸಿದ ಹಾಡನ್ನು ಅಲ್ಲಿ ೮ ಡೆಸಿಬೆಲ್ ಇಳಿಸುತ್ತಾರೆ. ಜೋರು ಹೋಗುತ್ತದೆ, ಒತ್ತಿದ ಗಾಯ ಮಾತ್ರ ಉಳಿಯುತ್ತದೆ. ಕಂಪ್ರೆಸರಿನ ಮುಂದೆ ಒಂದು ಲಿಮಿಟರ್ ಹಾಕಿ ಶಿಖರವನ್ನು –೧ ಡೆಸಿಬೆಲ್ಲಿಗೆ ನಿಲ್ಲಿಸಿದರೆ ಸಾಕು.

ಗಣೇಶ ವಿಸರ್ಜನೆಯ ಮೆರವಣಿಗೆಗಳಲ್ಲಿ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳು ಎದೆ ನಡುಗಿಸುವುದನ್ನು ಪುಣೆಯವರೆಲ್ಲ ಬಲ್ಲರು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ ೫೫ ಡೆಸಿಬೆಲ್, ರಾತ್ರಿಯದು ೪೫. (ಇದು ಗಾಳಿಯಲ್ಲಿ ಅಳೆಯುವ ಲೆಕ್ಕ, ಮೇಲಿನ ಋಣ ಸಂಖ್ಯೆಗಳೊಡನೆ ಬೆರೆಸಬಾರದು.) ಆ ಜೋರು ಹಾಡಿನ ಗುಣವಲ್ಲ, ಪೆಟ್ಟಿಗೆಗಳ ಗುಣ. ಹದವಾಗಿ ಮುಗಿಸಿದ ಹಾಡು ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಊರ ಜಾತ್ರೆಯ ಬಯಲಿನಲ್ಲೂ ಮಾತು ಸ್ಪಷ್ಟವಾಗಿ ಕೇಳುವಂತಿರುತ್ತದೆ.

ಆದುದರಿಂದ ತರುಣ ಮಿತ್ರರಿಗೆ ನಮ್ಮ ಸೂಚನೆಯಿಷ್ಟು: ಮೊದಲು ಮಿಕ್ಸಿಂಗ್ ಸರಿಪಡಿಸಿರಿ, ಇರುವ ಕಂಪ್ರೆಸರಿನಲ್ಲಿಯೇ ಐದಾರು ಹಾಡುಗಳನ್ನು ಮುಗಿಸಿರಿ, ಆಮೇಲೆ ಉಚಿತವಾದುದನ್ನು ಪರೀಕ್ಷಿಸಿರಿ, ಹಣ ಕೊಡುವ ಮಾತು ಕೊನೆಗಿರಲಿ. ಪ್ರತಿ ಹಾಡಿಗೂ ಹೊಸ್ತಿಲು, ಪ್ರಮಾಣ, ಹಿಡಿತ, ಬಿಡುವು ಎಷ್ಟಿಟ್ಟಿರೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಆರು ತಿಂಗಳಲ್ಲಿ ಆ ಪುಸ್ತಕವೇ ನಿಮಗೆ ಗುರುವಾಗುತ್ತದೆ.