ಪ್ರಯಾಣಕ್ಕೆ ಮೊದಲು ಹಡಗು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ನೆಲದ ಮೇಲೆ ನಿಲ್ಲುವ ಮನೆಯನ್ನು ಕಟ್ಟುವುದೇ ಇಷ್ಟು ಕಷ್ಟವಾದರೆ, ನೀರಿನ ಮೇಲೆ ತೇಲುತ್ತ ಸಾವಿರಾರು ಮೈಲಿ ಸಾಗಬೇಕಾದ ಮನೆಯ ವಿಷಯವನ್ನು ಹೇಳಬೇಕೆ? ಅಂಥ ಮನೆಯಲ್ಲಿ ಒಬ್ಬನೇ ವಾಸಮಾಡುತ್ತ, ಹಾಯಿಯ ಬಲದಿಂದ ಭೂಮಂಡಲವನ್ನು ಸುತ್ತಿಬಂದವರಲ್ಲಿ ಮೊದಲನೆಯವನು ಜೋಶುವಾ ಸ್ಲೋಕಮ್. ಆತನ ಸಾಹಸವನ್ನು ಎಲ್ಲರೂ ಹೊಗಳುವರು. ಆ ಸಾಹಸಕ್ಕೆ ಮೊದಲು ನಡೆದ ಸಿದ್ಧತೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಲೆಂದು ನಾವು ಈ ಲೇಖನವನ್ನು ಬರೆದಿದ್ದೇವೆ.

ಸ್ಲೋಕಮ್‌ನು 1844ರಲ್ಲಿ ಕೆನಡಾದ ನೋವಾಸ್ಕೋಷಿಯಾ ಪ್ರಾಂತದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಶಾಲೆಯನ್ನು ಬಿಟ್ಟು, ಹಡಗುಗಳಲ್ಲಿ ದುಡಿದು, ಕ್ರಮೇಣ ನಾಯಕನ ಪದವಿಗೇರಿದನು. ಆದರೆ ಉಗಿಹಡಗುಗಳು ಹೆಚ್ಚಿದಂತೆಲ್ಲ ಹಾಯಿಹಡಗಿನ ನಾಯಕರಿಗೆ ಕೆಲಸವಿಲ್ಲದಂತಾಯಿತು. 1892ರ ಚಳಿಗಾಲದಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಆತನು ಅಮೆರಿಕದ ಬಾಸ್ಟನ್ ನಗರದಲ್ಲಿ ನಿರುದ್ಯೋಗಿಯಾಗಿದ್ದನು. ಆಗ ಹಳೆಯ ಪರಿಚಯದ ನಾಯಕನೊಬ್ಬನು, ‘ನಿನಗೊಂದು ಹಡಗನ್ನು ಕೊಡುವೆನು, ಸ್ವಲ್ಪ ದುರಸ್ತಿ ಬೇಕಾಗಿದೆ’ ಎಂಬುದಾಗಿ ತಿಳಿಸಿದನು. ಸ್ಲೋಕಮ್‌ನು ಫೇರ್‌ಹೇವನ್ ಎಂಬ ಊರಿಗೆ ಹೋಗಿ ನೋಡಲಾಗಿ, ‘ಸ್ಪ್ರೇ’ ಎಂಬ ಹಳೆಯ ದೋಣಿಯು ಸಮುದ್ರದಿಂದ ದೂರ, ಒಂದು ಹೊಲದ ನಡುವೆ ಆನಿಕೆಗಳ ಮೇಲೆ, ಕ್ಯಾನ್ವಾಸ್ ಬಟ್ಟೆಯನ್ನು ಹೊದ್ದು ನಿಂತಿದ್ದಿತು. ಅದು ನೀರನ್ನು ಕಾಣದೆ ಏಳು ವರ್ಷಗಳಾಗಿದ್ದುವು. ಈತನು ಅದನ್ನು ಒಡೆದುಹಾಕಲು ಬಂದಿರುವನೆಂದೇ ಊರವರು ತಿಳಿದರು.

ಆತನು ಒಡೆಯಲಿಲ್ಲ, ಕಟ್ಟತೊಡಗಿದನು. ಹತ್ತಿರದಲ್ಲಿ ಬೆಳೆದಿದ್ದ ಬಲವಾದ ಓಕ್ ಮರವನ್ನು ಕಡಿದು, ಹಡಗಿಗೆ ಬೆನ್ನೆಲುಬಿನಂತಿರುವ ಅಡಿಮರವನ್ನು ಮಾಡಿದನು. ಪಕ್ಕೆಲುಬುಗಳಿಗಾಗಿ ನೆಟ್ಟಗಿನ ಎಳೆಮರಗಳನ್ನು ಕೆತ್ತಿ, ಪೆಟ್ಟಿಗೆಯೊಂದರಲ್ಲಿಟ್ಟು ಹಬೆಯಲ್ಲಿ ಬೇಯಿಸಿದನು. ಹಬೆಯಿಂದ ಮೆತ್ತಗಾದ ಮರವನ್ನು ದಿಮ್ಮಿಯ ಮೇಲೆ ಬಗ್ಗಿಸಿ ಕಟ್ಟಿಟ್ಟರೆ, ಆರಿದ ಬಳಿಕ ಅದು ಆ ಬಾಗನ್ನೇ ಉಳಿಸಿಕೊಳ್ಳುವುದು. ಆಮೇಲೆ ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಜಡಿದು, ಸಂದುಗಳಿಗೆ ಮೊದಲು ಹತ್ತಿಯನ್ನೂ ಅದರ ಮೇಲೆ ನಾರನ್ನೂ ತುರುಕಿ, ತಳಕ್ಕೆ ತಾಮ್ರದ ಬಣ್ಣವನ್ನು ಬಳಿದನು. ಹಳೆಯದನ್ನು ತುಂಡುತುಂಡಾಗಿ ತೆಗೆದು ಹೊಸದನ್ನು ಕೂಡಿಸುತ್ತ ಹೋದುದರಿಂದ, ಕಡೆಗೆ ಹಡಗೆಲ್ಲ ಹೊಸದಾಗಿ ಹೆಸರು ಮಾತ್ರ ಹಳೆಯದುಳಿಯಿತು.

ನೋಡಲು ಬಂದವರೆಲ್ಲ, ‘ಇದರಿಂದ ಲಾಭವುಂಟೆ?’ ಎಂದು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಲಾಭವಾಗುವಂತೆ ಮಾಡುವೆನೆಂದು ಸ್ಲೋಕಮ್‌ನು ಉತ್ತರಿಸಿದನು. ಸಾಮಾನಿಗೆ ತಗುಲಿದ ಖರ್ಚು 553 ಡಾಲರು 62 ಸೆಂಟು. ತಗುಲಿದ ಕಾಲ 13 ತಿಂಗಳ ದುಡಿಮೆ.

ದೋಣಿಯ ಉದ್ದ 36 ಅಡಿ 9 ಅಂಗುಲ. ಅಗಲ 14 ಅಡಿ 2 ಅಂಗುಲ. ಇಷ್ಟರಲ್ಲಿಯೇ ಸಂಸಾರದ ಏರ್ಪಾಡೆಲ್ಲ ಆಗಬೇಕಾಗಿದ್ದಿತು. ಮುಂದೆ ಅಡಿಗೆಗೆ ಚಿಕ್ಕ ಕೋಣೆ, ಹಿಂದೆ ವಾಸಕ್ಕೆ ಸುಮಾರು ಹತ್ತಡಿ ಹನ್ನೆರಡಡಿಯ ಕೋಣೆ, ನಡುವೆ ತಿಂಗಳುಗಟ್ಟಲೆಯ ನೀರು ಮತ್ತು ಆಹಾರಕ್ಕೆ ಉಗ್ರಾಣ. ಕೋಣೆಯ ಮಗ್ಗುಲಲ್ಲಿ ಮಲಗುವ ಹಾಸು, ಔಷಧಿಯ ಪೆಟ್ಟಿಗೆ. ಜೊತೆಯ ಕಿರುದೋಣಿಯನ್ನಿಡಲು ಎಡೆಯಿಲ್ಲದಿರಲು, ಒಂದು ದೋಣಿಯನ್ನು ನಡುವೆ ಕೊಯ್ದು, ಕೊಯ್ದ ಬದಿಗೆ ಹಲಗೆ ಹೊಡೆದನು. ಆ ಅರ್ಧದೋಣಿಯೇ ಬಟ್ಟೆ ಒಗೆಯುವ ತೊಟ್ಟಿಯೂ ಸ್ನಾನದ ತೊಟ್ಟಿಯೂ ಆಯಿತು. ರಾತ್ರಿ ಬೆಳಕನ್ನು ಕೊಡುವ ಎಣ್ಣೆಯ ದೀಪವೇ ಹಗಲು ಒಲೆಯಾಯಿತು. ಬಡತನದಲ್ಲಿ ಬುದ್ಧಿಯು ಹೇಗೆ ಕೆಲಸಮಾಡುವುದೆಂಬುದಕ್ಕೆ ಇವು ಸಾಕ್ಷಿಗಳು.

1895ರ ಏಪ್ರಿಲ್ 24ರಂದು ಸ್ಪ್ರೇ ಬಾಸ್ಟನ್ನಿನಿಂದ ಹೊರಟಿತು. ಆದರೆ ಸಿದ್ಧತೆಯು ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಗಮನಿಸಬೇಕು. ಅಟ್ಲಾಂಟಿಕ್ ಸಾಗರವನ್ನು ದಾಟಿದ ಅನುಭವದಿಂದ ತನ್ನ ಹಡಗಿನ ದೋಷವನ್ನು ಆತನೇ ಕಂಡುಕೊಂಡನು. ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ನಲ್ಲಿ ಹಾಯಿಯ ಕೂವೆಕಂಬವನ್ನು 7 ಅಡಿಯಷ್ಟೂ, ಮುಂತುದಿಯಿಂದ ನೀರಿನ ಮೇಲೆ ಚಾಚಿದ ಮರವನ್ನು 5 ಅಡಿಯಷ್ಟೂ ಕತ್ತರಿಸಿ ಮೋಟುಮಾಡಿದನು. ಸನ್ನೆಗೋಲಿನ ಪಾಠವನ್ನು ಓದಿದವರಿಗೆ ಇದರ ಕಾರಣ ಹೊಳೆಯುವುದು: ಗಾಳಿಯು ಎಷ್ಟು ಎತ್ತರದಲ್ಲಿ ತಳ್ಳುವುದೋ, ದೋಣಿಯನ್ನು ವಾಲಿಸುವ ಬಲವೂ ಅಷ್ಟು ಹೆಚ್ಚು. ಮುಂದೆ ಮೆಗಲ್ಲನ್ ಜಲಸಂಧಿಯ ಬಿರುಗಾಳಿಗಳ ನಡುವೆ, ಹಿಂತುದಿಯಲ್ಲಿ ಒಂದು ಚಿಕ್ಕ ಹಾಯಿಯನ್ನು ಕೂಡಿಸಿದನು. ಸುಧಾರಣೆಯೆಂದರೆ ಯಾವಾಗಲೂ ಹೆಚ್ಚಿಸುವುದಲ್ಲ. ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಕೂಡಿಸಬೇಕು ಎಂಬ ವಿವೇಕವೇ ಸುಧಾರಣೆ.

ಇದರ ಫಲವೇನಾಯಿತು? ಹಾಯಿಗಳನ್ನು ಸರಿತೂಗಿಸಿ ಚುಕ್ಕಾಣಿಯನ್ನು ಬಿಗಿದು ಕಟ್ಟಿದರೆ, ದೋಣಿಯು ತಾನಾಗಿಯೇ ದಾರಿಹಿಡಿದು ಸಾಗುತ್ತಿದ್ದಿತು. ಆಸ್ಟ್ರೇಲಿಯದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಗಳನ್ನು 23 ದಿನಗಳಲ್ಲಿ ಕ್ರಮಿಸಿದಾಗ, ಆತನು ಚುಕ್ಕಾಣಿ ಹಿಡಿದುದು ಒಟ್ಟು ಮೂರು ಗಂಟೆಗಿಂತ ಹೆಚ್ಚಿರಲಿಲ್ಲ. ಒಬ್ಬಂಟಿಗನು ಉಣ್ಣಲೂ ಮಲಗಲೂ ಸಾಧ್ಯವಾದುದು ಇದರಿಂದಲೇ.

ಗಡಿಯಾರದ ವಿಷಯವು ನಮಗೆ ಇನ್ನೂ ಪ್ರಿಯವಾದುದು. ರೇಖಾಂಶವನ್ನು ತಿಳಿಯಲು ಆ ಕಾಲದ ನಾವಿಕರು ಕ್ರೋನೋಮೀಟರೆಂಬ ನಿಖರವಾದ ಗಡಿಯಾರವನ್ನು ಒಯ್ಯುತ್ತಿದ್ದರು. ತನ್ನ ಕ್ರೋನೋಮೀಟರನ್ನು ಸರಿಪಡಿಸಲು 15 ಡಾಲರು ಬೇಕಾಗಲು, ಸ್ಲೋಕಮ್‌ನು ಅದನ್ನು ಬಿಟ್ಟು ತಗಡಿನ ಗಡಿಯಾರವೊಂದನ್ನು ಕೊಂಡನು. ಅದರ ಬೆಲೆ ಒಂದೂವರೆ ಡಾಲರು. ಮುಖ ಒಡೆದಿದ್ದುದರಿಂದ ಒಂದು ಡಾಲರಿಗೆ ದೊರೆಯಿತು! ಈ ಕೊರತೆಯನ್ನು ತುಂಬಿದುದು ಆತನ ವಿದ್ಯೆ. ಶಾಂತಸಾಗರದಲ್ಲಿ ಸೂರ್ಯಚಂದ್ರರ ನಡುವಣ ಕೋನವನ್ನು ಅಳೆದು ಲೆಕ್ಕಮಾಡಲು, ಉತ್ತರವು ನೂರಾರು ಮೈಲಿ ತಪ್ಪಾಗಿ ಬಂದಿತು. ಮತ್ತೆ ಅಳೆದನು, ಮತ್ತೆ ಹಾಗೆಯೇ. ಆಗ ಅಚ್ಚಾದ ಪುಸ್ತಕವನ್ನೇ ಪರೀಕ್ಷಿಸಿ, ಲಾಗರಿದಮ್ ಕೋಷ್ಟಕದಲ್ಲಿಯೇ ತಪ್ಪಿರುವುದನ್ನು ಕಂಡುಹಿಡಿದನು. ತಿದ್ದಿದ ಬಳಿಕ ಲೆಕ್ಕವು ಸರಿಹೋಯಿತು. ಬಾಲ್ಯದಲ್ಲಿ ಶಾಲೆ ಬಿಟ್ಟವನು, ತಾನಾಗಿ ಕಲಿತ ಗಣಿತದಿಂದ ನಡುಸಮುದ್ರದಲ್ಲಿ ಮುದ್ರಿತ ಗ್ರಂಥವನ್ನು ತಿದ್ದಿದನು. ಲೆಕ್ಕವನ್ನು ತಾಳೆನೋಡಲು ಬೇಸರಿಸುವ ನಮ್ಮ ಬಾಲಕರು ಇದನ್ನು ನೆನೆಯಲಿ.

ಆದರೂ ಆತನ ಸಿದ್ಧತೆಯು ಪರಿಪೂರ್ಣವಾಗಿರಲಿಲ್ಲ. ಆತನಿಗೆ ಈಜು ಬರುತ್ತಿರಲಿಲ್ಲ! ಉರುಗ್ವೆಯ ಕರಾವಳಿಯಲ್ಲಿ ಅರ್ಧದೋಣಿ ಮಗುಚಿದಾಗ ಪ್ರಾಣವೇ ಹೋಗುವುದರಲ್ಲಿದ್ದಿತು. ನೀರಿನ ಸಮೀಪದಲ್ಲಿರುವ ಮಕ್ಕಳಿಗೆ ಈಜನ್ನು ಕಲಿಸಬೇಕೆಂದು ಪೋಷಕರಲ್ಲಿ ಬಿನ್ನವಿಸುತ್ತೇವೆ.

46,000 ಮೈಲಿಗಳಿಗೂ ಮಿಗಿಲಾದ ಯಾತ್ರೆಯನ್ನು ಮುಗಿಸಿ, 1898ರ ಜೂನ್ 27ರಂದು ಸ್ಪ್ರೇ ಅಮೆರಿಕದ ನ್ಯೂಪೋರ್ಟ್ ಬಂದರನ್ನು ಸೇರಿತು. ಕೆಲವು ದಿನಗಳಲ್ಲಿಯೇ ಸ್ಲೋಕಮ್‌ನು ಅದನ್ನು ಫೇರ್‌ಹೇವನ್ನಿಗೆ ಒಯ್ದು, ನೀರಿಗಿಳಿಸಿದ ದಿನ ಯಾವ ಗೂಟಕ್ಕೆ ಕಟ್ಟಿದ್ದನೋ ಅದೇ ಗೂಟಕ್ಕೆ ಮರಳಿ ಕಟ್ಟಿದನು. ಸುಮಾರು ಒಂದು ದಶಕದ ಬಳಿಕ ಅದೇ ದೋಣಿಯಲ್ಲಿ ಮತ್ತೆ ಹೊರಟವನು ಹಿಂದಿರುಗಲಿಲ್ಲ, ದೋಣಿಯೂ ಸಿಕ್ಕಲಿಲ್ಲ. ಎಂಥ ಸಿದ್ಧತೆಯೂ ಅಭಯಪತ್ರವಲ್ಲವೆಂಬುದನ್ನು ಮರೆಮಾಚದೆ ಹೇಳಬೇಕಾದುದು ನಮ್ಮ ಕರ್ತವ್ಯ. ಆದರೆ ಹೊಲದಲ್ಲಿ ಶಿಥಿಲವಾಗಿ ನಿಂತಿದ್ದ ದೋಣಿಯು ಮೂರು ವರ್ಷಗಳ ಕಾಲ ಸಾಗರಗಳನ್ನು ದಾಟಿ ಒಡೆಯನನ್ನು ಕ್ಷೇಮವಾಗಿ ಮನೆಗೆ ತಂದುದು ಆ 13 ತಿಂಗಳ ದುಡಿಮೆಯಿಂದ. ಒಂದು ಪಾಠವನ್ನು ಕಲಿಯುವಾಗ ಇದರಿಂದ ಲಾಭವೇನೆಂದು ಮಕ್ಕಳು ಕೇಳಿದರೆ, ಪೋಷಕರು ಫೇರ್‌ಹೇವನ್ನಿನ ಜನರ ಪ್ರಶ್ನೆಯನ್ನೂ ಸ್ಲೋಕಮ್‌ನ ಉತ್ತರವನ್ನೂ ಅವರಿಗೆ ಹೇಳಲಿ.