ಸೈಕಲ್ಲಿನ ನಿಜವಾದ ವೆಚ್ಚ

ಅಂಗಡಿಯವರು ಹೇಳಿದ ಬೆಲೆಯನ್ನೇ ಒಂದು ವಸ್ತುವಿನ ವೆಚ್ಚವೆಂದು ತಿಳಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ಆಕಳನ್ನು ಕೊಂಡವರು ಹುಲ್ಲು ಹಿಂಡಿಗಳ ಲೆಕ್ಕವನ್ನೂ ಅದು ಕೊಡುವ ಹಾಲಿನ ಲೆಕ್ಕವನ್ನೂ ಇಡುತ್ತಾರಷ್ಟೆ. ಮಗಳು ಎಂಟನೆಯ ಇಯತ್ತೆಗೆ ಬಂದಾಗ ಅವಳಿಗೆ ಸೈಕಲ್ಲು ಕೊಡಿಸಬೇಕೇ ಬೇಡವೇ ಎಂದು ಆಲೋಚಿಸುವ ತಾಯ್ತಂದೆಗಳು ಇದೇ ರೀತಿಯಿಂದ ಲೆಕ್ಕ ಹಾಕುವುದು ಉಚಿತವು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವತಃ ತಾಯಂದಿರಾಗಿರುವುದರಿಂದ, ಅವರು ಹಿಂದೆ ಕಲಿತ ಅಂಕಗಣಿತವನ್ನು ಇನ್ನೊಮ್ಮೆ ಉಪಯೋಗಕ್ಕೆ ತರುವಂತೆ ಈ ಲೇಖನವನ್ನು ಪಾಠರೂಪವಾಗಿ ಬರೆದಿದೆ.

ಮೊದಲು ಹಣದ ಲೆಕ್ಕ. ಭಾವಿಕೇರಿಯ ಬಾಲಿಕೆಯೊಬ್ಬಳಿಗೆ ಮನೆಯಿಂದ ಶಾಲೆಯು ೪ ಕಿಲೋಮೀಟರು ದೂರವಿದೆಯೆಂದು ಇಟ್ಟುಕೊಳ್ಳೋಣ. ಹೋಗಿಬರಲು ದಿನಕ್ಕೆ ೮ ಕಿಲೋಮೀಟರು. ವರ್ಷಕ್ಕೆ ಶಾಲೆಯ ದಿನಗಳು ೨೨೦. ಎಂಟನೆಯ ಇಯತ್ತೆಯಿಂದ ಎರಡನೆಯ ಪಿ.ಯು.ಸಿ.ಯವರೆಗೆ ಐದು ವರ್ಷಗಳಾದರೆ ೧,೧೦೦ ದಿನಗಳು. ಸೈಕಲ್ಲಿನ ಬೆಲೆ ೬,೦೦೦ ರೂಪಾಯಿ. ಕೊನೆಯಲ್ಲಿ ಮಾರಿದರೆ ೧,೦೦೦ ರೂಪಾಯಿ ಬರುವುದೆಂದು ಹಿಡಿಯೋಣ. ಟಾಯರು, ಟ್ಯೂಬು, ಬ್ರೇಕಿನ ರಬ್ಬರು, ಸರಪಳಿ, ಎಣ್ಣೆ, ಪಂಕ್ಚರು ಇವೆಲ್ಲಕ್ಕೆ ವರ್ಷಕ್ಕೆ ೧,೦೦೦ ರೂಪಾಯಿಯಂತೆ ೫,೦೦೦ ರೂಪಾಯಿ. ಹೀಗೆ ಒಟ್ಟು ವೆಚ್ಚ ೧೦,೦೦೦ ರೂಪಾಯಿ. ದಿನಕ್ಕೆ ಸುಮಾರು ೯ ರೂಪಾಯಿ. ಇದರಲ್ಲಿ ಅರ್ಧವು ಕೊಂಡ ಬೆಲೆ, ಇನ್ನರ್ಧವು ಪಾಲನೆಯ ಖರ್ಚು ಎಂಬುದನ್ನು ಗಮನಿಸಬೇಕು. ಈ ಎರಡನೆಯ ಅರ್ಧವನ್ನು ಮರೆತ ಮನೆಗಳಲ್ಲಿಯೇ ಸೈಕಲ್ಲುಗಳು ಎರಡು ಮಳೆಗಾಲಗಳೊಳಗೆ ಹಿತ್ತಿಲನ್ನು ಸೇರುತ್ತವೆ.

ಸೈಕಲ್ಲಿಗೆ ಹುಲ್ಲು ಹಿಂಡಿಯೂ ಬೇಕು. ಅದನ್ನು ತಿನ್ನುವವಳು ಮಾತ್ರ ಮಗಳು. ಸಾವಕಾಶವಾಗಿ ತುಳಿದರೆ ಒಂದು ಕಿಲೋಮೀಟರಿಗೆ ಸುಮಾರು ೨೫ ಕೆಲೊರಿಗಳಷ್ಟು ಶಕ್ತಿ ವ್ಯಯವಾಗುತ್ತದೆ. ಎಂಟು ಕಿಲೋಮೀಟರಿಗೆ ೨೦೦. ಎಂದರೆ ಎರಡು ಬಾಳೆಹಣ್ಣುಗಳು. ನಡೆಯುವವರಿಗೆ ಇಷ್ಟೇ ದೂರಕ್ಕೆ ಇದಕ್ಕಿಂತ ಬಹಳ ಹೆಚ್ಚು ಬೇಕಾಗುವುದು. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಎಂಬ ವಿದ್ವಾಂಸರು ೧೯೭೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದೇಹದ ಭಾರಕ್ಕೆ ಹೋಲಿಸಿ ನೋಡಿದರೆ ಸೈಕಲ್ಲಿನ ಮೇಲೆ ಕುಳಿತ ಮನುಷ್ಯನು ಪ್ರಾಣಿಗಳನ್ನೂ ಯಂತ್ರಗಳನ್ನೂ ಮೀರಿಸಿ ಅತ್ಯಲ್ಪ ಶಕ್ತಿಯಿಂದ ಸಂಚರಿಸುತ್ತಾನೆಂದು ತೋರಿಸಿದರು.

ಈಗ ಇತರ ಸಾಧನಗಳನ್ನು ನೋಡೋಣ. ಪೆಟ್ರೋಲಿನ ಸ್ಕೂಟರು ಲೀಟರಿಗೆ ೪೫ ಕಿಲೋಮೀಟರು ಓಡಿದರೂ, ಲೀಟರಿಗೆ ೧೦೦ ರೂಪಾಯಿಯಂತೆ ಎಂಟು ಕಿಲೋಮೀಟರಿಗೆ ಇಂಧನಕ್ಕೇ ೧೮ ರೂಪಾಯಿ ಬೀಳುವುದು. ಗಾಡಿಯ ಬೆಲೆ, ವಿಮೆ, ದುರಸ್ತಿಗಳು ಬೇರೆ. ಅಲ್ಲದೆ ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಇಂಥ ಸ್ಕೂಟರುಗಳನ್ನು ನಡೆಸಲು ಹದಿನೆಂಟು ವರ್ಷ ತುಂಬಿರಬೇಕು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ, ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ೨೫,೦೦೦ ರೂಪಾಯಿ ದಂಡವನ್ನೂ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಬಹುದಾಗಿದೆ. ವಾತ್ಸಲ್ಯದಿಂದ ಸ್ಕೂಟರಿನ ಕೀಲಿಯನ್ನು ಮಗಳ ಕೈಗಿಡುವವರು ಇದನ್ನು ಮರೆಯಬಾರದು.

“ಬಸ್ಸು ಪುಕ್ಕಟೆಯಾಗಿರುವಾಗ ಸೈಕಲ್ಲು ಏತಕ್ಕೆ?” ಎಂದು ಕೆಲವರು ಕೇಳುವರು. ೨೦೨೩ನೆಯ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸ್ತ್ರೀಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಟಿಕೇಟಿಗೆ ಹಣವಿಲ್ಲದಿದ್ದರೂ ಕಾಯುವುದಕ್ಕೆ ಹೊತ್ತು ಬೇಕು. ಬಸ್ಸು ತನ್ನ ವೇಳೆಗೆ ಬರುವುದೇ ಹೊರತು ಆಟದ ಪಂದ್ಯ ಮುಗಿಯುವವರೆಗಾಗಲಿ, ವಾಚನಾಲಯದ ಪುಸ್ತಕ ಓದಿ ಮುಗಿಯುವವರೆಗಾಗಲಿ ನಿಲ್ಲದು; ಮನೆಯ ಅಂಗಳದವರೆಗೂ ಬಾರದು. ಹೊತ್ತಿನ ಬೆಲೆಯೇನೆಂಬುದನ್ನು ಎಣಿಸಿ ನೋಡಿರಿ. ಎಂಟು ಕಿಲೋಮೀಟರು ನಡೆಯಲು ಒಂದು ಗಂಟೆ ನಲವತ್ತು ನಿಮಿಷ. ಸೈಕಲ್ಲಿನಲ್ಲಿ ನಲವತ್ತೇ ನಿಮಿಷ. ದಿನಕ್ಕೆ ಉಳಿದ ಒಂದು ಗಂಟೆಯು ಐದು ವರ್ಷಗಳಲ್ಲಿ ೧,೧೦೦ ಗಂಟೆಗಳಾಗುತ್ತದೆ. ದಿನಕ್ಕೆ ಐದು ಗಂಟೆ ಪಾಠವೆಂದು ಹಿಡಿದರೆ ಇದು ೨೨೦ ದಿನಗಳು. ಅಂದರೆ ಇಡಿಯ ಒಂದು ಶಾಲಾ ವರ್ಷ! ನಡೆದು ಬರುವ ಹುಡುಗಿಯು ಕಳೆದುಕೊಳ್ಳುವುದು ಈ ವರ್ಷವನ್ನು.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಬಿಹಾರ ಸರಕಾರವು ೨೦೦೬ರಿಂದ ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ಸೈಕಲ್ಲು ಕೊಳ್ಳಲು ಹಣ ಕೊಟ್ಟಿತು. ಕಾರ್ತಿಕ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ, ಪ್ರೌಢಶಾಲೆಗೆ ಸೇರುವ ಬಾಲಿಕೆಯರ ಪ್ರಮಾಣವು ನೂರಕ್ಕೆ ೩೨ರಷ್ಟು ಹೆಚ್ಚಿತೆಂದೂ, ಶಾಲೆಯಿಂದ ೩ ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲಿ ಈ ಲಾಭವು ವಿಶೇಷವಾಗಿತ್ತೆಂದೂ ೨೦೧೭ರಲ್ಲಿ ಪ್ರಕಟಿಸಿದರು. ನಮ್ಮ ಕರ್ನಾಟಕದಲ್ಲಿಯೂ ೨೦೦೬-೦೭ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಹಂಚುವ ಯೋಜನೆ ಪ್ರಾರಂಭವಾಗಿತ್ತು; ಕೋವಿಡ್ ವ್ಯಾಧಿಯು ಹರಡಿದ ೨೦೨೦ರ ಬಳಿಕ ಅದು ನಿಂತುಹೋಯಿತು. ಅಂದಿನಿಂದ ಆ ಭಾರವು ತಾಯ್ತಂದೆಗಳ ಮೇಲೆಯೇ ಬಿದ್ದಿತು.

ಇನ್ನು ಅಂಗಡಿಯಲ್ಲಿ ಕಾಣದ ಮೂರು ವೆಚ್ಚಗಳಿವೆ. ಮೊದಲನೆಯದು ನಮ್ಮ ಕರಾವಳಿಯ ಹವೆ. ಅಂಕೋಲೆಯ ಕಡೆಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರೊಡನೆ ಸಮುದ್ರದ ಉಪ್ಪುಗಾಳಿ. ಮಳೆಯಲ್ಲಿ ತೊಯ್ದ ಸೈಕಲ್ಲನ್ನು ಒರೆಸಿ, ವಾರಕ್ಕೊಮ್ಮೆ ಸರಪಳಿಗೆ ಯಂತ್ರದ ಎಣ್ಣೆ ಬಿಡದಿದ್ದರೆ ತುಕ್ಕು ಹಿಡಿಯಲು ತಡವಾಗದು. ಎರಡನೆಯದು ಮಾರ್ಗದ ಅಪಾಯ. ರಾಷ್ಟ್ರೀಯ ಹೆದ್ದಾರಿ ೬೬ನ್ನು ದಾಟಬೇಕಾದ ಮಕ್ಕಳು ಇಳಿದು, ಸೈಕಲ್ಲನ್ನು ತಳ್ಳಿಕೊಂಡು ದಾಟಬೇಕು. ಬ್ರೇಕು, ಗಂಟೆ, ದೀಪ, ಹಿಂದಿನ ಕೆಂಪು ಬಿಲ್ಲೆ ಇವುಗಳಲ್ಲಿ ಉಳಿತಾಯ ಮಾಡುವುದು ಉಳಿತಾಯವೇ ಅಲ್ಲ. ಘೋರ ಮಳೆಯ ದಿನ ಬಸ್ಸಿನಲ್ಲಿಯೇ ಹೋಗಲಿ, ಎರಡಕ್ಕೂ ವೈರವಿಲ್ಲ.

ಮೂರನೆಯ ವೆಚ್ಚವೇ ಎಲ್ಲಕ್ಕಿಂತ ದೊಡ್ಡದು. ಅದು ಜನರ ಮಾತಿನ ಅಂಜಿಕೆ. ಹತ್ತನೆಯ ಇಯತ್ತೆ ಮುಗಿದೊಡನೆ “ಇನ್ನು ದೊಡ್ಡವಳಾದಳು” ಎಂದು ಮಗಳ ಸೈಕಲ್ಲನ್ನು ತಮ್ಮನಿಗೆ ಕೊಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ರವಿವಾರ ಸಾಯಂಕಾಲ ತಮ್ಮನು ಕಡಲತೀರಕ್ಕೆ ಸೈಕಲ್ಲು ಹೊಡೆದರೆ ವ್ಯಾಯಾಮ. ಅಕ್ಕ ಹೊಡೆದರೆ ತಿರುಗಾಟ! ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ೧೯೯೧ರ ಸುಮಾರಿಗೆ, ಕಲೆಕ್ಟರರಾಗಿದ್ದ ಶೀಲಾ ರಾಣಿ ಚುಂಕತ್ ಅವರ ಉತ್ತೇಜನದಿಂದ, ಸಾಕ್ಷರತಾ ಚಳವಳಿಯೊಡನೆ ಸ್ತ್ರೀಯರಿಗೆ ಸೈಕಲ್ಲನ್ನೂ ಕಲಿಸಲಾಯಿತು. ಒಂದು ಲಕ್ಷಕ್ಕೂ ಮಿಕ್ಕಿ ಗ್ರಾಮಸ್ತ್ರೀಯರು ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥರು ಬರೆದಿದ್ದಾರೆ. ಅಲ್ಲಿಯೂ ಜನರು ಮೊದಲು ಆಡಿಕೊಂಡರು. ಆದರೆ ನೀರಿನ ಕೊಡವನ್ನೂ ಮಗುವನ್ನೂ ಪೇಟೆಗೆ ಒಯ್ಯುವ ಮಾಲನ್ನೂ ಹೇರಿಕೊಂಡು ಸ್ತ್ರೀಯರು ಹೊರಟಾಗ ಆ ಮಾತುಗಳು ತಾವಾಗಿಯೇ ಅಡಗಿದವು.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಸೈಕಲ್ಲು ಕೊಡಿಸುವಾಗ ಅದರ ಪಾಲನೆಗೆಂದು ದಿನಕ್ಕೆ ಐದು ರೂಪಾಯಿಯನ್ನು ಡಬ್ಬಿಯಲ್ಲಿ ಬೇರೆಯಾಗಿ ಹಾಕಿರಿ; ಲೆಕ್ಕವನ್ನು ಮಗಳೇ ಬರೆಯಲಿ. ಪಂಕ್ಚರು ಹಾಕುವುದನ್ನೂ ಸರಪಳಿ ಕೂಡಿಸುವುದನ್ನೂ ಅವಳೇ ಕಲಿಯಲಿ. ಹತ್ತನೆಯ ಇಯತ್ತೆಯ ನಂತರವೂ ಸೈಕಲ್ಲು ಅವಳದಾಗಿಯೇ ಇರಲಿ. ದಿನಕ್ಕೆ ಒಂಬತ್ತು ರೂಪಾಯಿಯೂ ಎರಡು ಬಾಳೆಹಣ್ಣುಗಳೂ ಯಾವ ಮನೆಗೂ ಹಗುರವೆಂದು ನಾವು ಹೇಳೆವು. ಆದರೆ ಅವುಗಳಿಂದ ಮಗಳ ಜೀವಿತಕ್ಕೆ ಒಂದು ವರ್ಷವು ಕೂಡುವುದಾದರೆ, ಇದಕ್ಕಿಂತ ಅಗ್ಗವಾದ ವಿದ್ಯಾಭ್ಯಾಸದ ಖರ್ಚು ಬೇರೊಂದಿಲ್ಲ.