ಬಾಯಿ ನೆಟ್ಟಗಾಯಿತು, ಕಿವಿ ಬರಲಿಲ್ಲ

ನೋಡಿದವರೆಲ್ಲ ಈಗ 'ಬಾಯಿ ನೆಟ್ಟಗಾಯಿತಲ್ಲ, ಗೆದ್ದಿರಿ ಬಿಡಿ' ಎನ್ನುತ್ತಾರೆ. ಗೆದ್ದಿಲ್ಲ. ಎಡಗಿವಿ ಹೋಗಿದೆ. ಸರ್ಪಸುತ್ತು ಸೊಂಟಕ್ಕೋ ಎದೆಗೋ ಸುತ್ತುವುದನ್ನು ನಮ್ಮ ತಿಪಟೂರು ಸೀಮೆಯಲ್ಲಿ ಎಲ್ಲರೂ ಕಂಡಿದ್ದಾರೆ. ಕಿವಿಯೊಳಗೂ ಏಳುತ್ತದೆಂದು ಯಾರೂ ಹೇಳಿರಲಿಲ್ಲ.

ಮೊದಲು ಬಂದದ್ದು ನೋವು. ಅಗಿದರೆ, ಆಕಳಿಸಿದರೆ ದವಡೆಯವರೆಗೆ ಇರಿಯುತ್ತಿತ್ತು. ಪೇಟೆಯ ಕ್ಲಿನಿಕ್ಕಿನ ಡಾಕ್ಟರು ಕುರ್ಚಿ ಬಿಟ್ಟೇಳದೆ 'ಕಿವಿ ಸೋಂಕು' ಎಂದು ಡ್ರಾಪ್ಸ್ ಬರೆದರು. ಒಮ್ಮೆ ಟಾರ್ಚು ಬಿಟ್ಟಿದ್ದರೆ ನೀರ್ಗುಳ್ಳೆಗಳು ಕಾಣುತ್ತಿದ್ದವು. ಅವನ್ನು ಕಂಡವರು ನಮ್ಮ ಭಾವ. 'ಇದು ಸರ್ಪಸುತ್ತೇ' ಎಂದರು. ಕಾಯಿಲೆಯನ್ನು ಮೊದಲು ಗುರುತಿಸಿದವರು ಅವರೇ, ಅದನ್ನು ಒಪ್ಪಬೇಕು. ಆದರೆ ತುಮಕೂರಿಗೆ ಹೋಗೋಣವೆಂದು ನಾನು ಅಂಗಿ ತೊಟ್ಟು ನಿಂತರೆ, ಇಂಗ್ಲಿಷ್ ಔಷಧಿ ಮುಟ್ಟಿದರೆ ಹೆಡೆ ಬಾಲ ಕೂಡಿಬಿಡುತ್ತದೆ ಎಂದು ಮನೆಯವರನ್ನೆಲ್ಲ ಹೆದರಿಸಿ, ಪಕ್ಕದ ಹಳ್ಳಿಗೆ ಎಳೆದೊಯ್ದು ಕೆಮ್ಮಣ್ಣು ಹಚ್ಚಿಸಿದರು.

ಆ ರಾತ್ರಿ ಮಂಚ ತಿರುಗತೊಡಗಿತು. ಎದ್ದು ಕೂತರೆ ಗೋಡೆ ತಿರುಗುತ್ತದೆ, ಮಲಗಿದರೆ ಸೂರು. ವಾಂತಿ. ಬಚ್ಚಲಿಗೆ ಅಂಬೆಗಾಲಲ್ಲಿ ಹೋದೆ. ಕೊಬ್ಬರಿ ಮಿಲ್ಲಿನ ಮೋಟಾರು ಕಿವಿಯೊಳಗೇ ಓಡಿದಂತೆ ಒಂದೇ ಸಮನೆ ಮೊರೆತ. ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸುರಿಯಿತು. ಕನ್ನಡಿಯಲ್ಲಿ ಮುಖದ ಅರ್ಧ ಜಾರಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಅಷ್ಟರಲ್ಲಿ ಮಗಳ ಫೋನು. ಅಭ್ಯಾಸದಂತೆ ಎಡಗಿವಿಗೆ ಹಿಡಿದೆ, ಮಾತಿಲ್ಲ. ಲೈನು ಕಟ್ಟಾಯಿತೆಂದುಕೊಂಡೆ. ಬಲಕ್ಕೆ ಬದಲಿಸಿದರೆ ಅವಳು 'ಅಪ್ಪಾ, ಮಾತಾಡಿ' ಎಂದು ಅಳುತ್ತಿದ್ದಳು.

ತುಮಕೂರಿನ ಇಎನ್‌ಟಿ ತಜ್ಞರು ನೋಡಿದ ಕೂಡಲೇ ಹೇಳಿದರು: ರಾಮ್ಸೇ ಹಂಟ್ ಸಿಂಡ್ರೋಮ್. ಅಮೆರಿಕದ ನರತಜ್ಞ ಜೇಮ್ಸ್ ರಾಮ್ಸೇ ಹಂಟ್ 1907ರಲ್ಲಿ ವಿವರಿಸಿದ್ದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ಮುಖದ ನರದ ಗಂಟಿನಲ್ಲಿ ಅಡಗಿದ್ದು, ಶಕ್ತಿ ಕುಂದಿದಾಗ ಏಳುತ್ತದೆ. ಕೇಳುವ ಮತ್ತು ಸಮತೋಲ ಕಾಯುವ ನರ ಅದರ ಮಗ್ಗುಲಲ್ಲೇ ಇರುವುದರಿಂದ ಅದಕ್ಕೂ ಉರಿ ಹಬ್ಬುತ್ತದೆ. ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ 5 ಸಲ, ಜೊತೆಗೆ ಸ್ಟೀರಾಯ್ಡ್ ಕೊಟ್ಟರು. ಇವು 72 ಗಂಟೆಯೊಳಗೆ ಶುರುವಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ನನ್ನ ಆ ಗಂಟೆಗಳು ಕೆಮ್ಮಣ್ಣಿಗೆ ಹೋದವು.

ಆಮೇಲೂ ಎಲ್ಲರ ಕಣ್ಣು ಮುಖದ ಮೇಲೆಯೇ. ಮುಖದ ವ್ಯಾಯಾಮ, ಕಣ್ಣಿಗೆ ಹನಿ, ರಾತ್ರಿ ರೆಪ್ಪೆಗೆ ಟೇಪು. ಇವೆಲ್ಲ ಬೇಕಾದವೇ, ಕಣ್ಣು ಒಣಗಿದರೆ ಗುಡ್ಡೆಗೆ ಹುಣ್ಣಾಗುತ್ತದೆ. ಆದರೆ ವಾರ್ಡಿನಲ್ಲಿ ಕಿವಿ ಕೇಳುತ್ತದೆಯೇ ಎಂದು ವಿಚಾರಿಸಿದವರಿಲ್ಲ. ಆಡಿಯೋಗ್ರಾಂ ನಾನೇ ಹಟ ಹಿಡಿದು ಮಾಡಿಸಿಕೊಂಡೆ. ಒಂದೇ ಕಿವಿಯಾದರೆ ಸದ್ದು ಕೇಳುತ್ತದೆ, ಯಾವ ಕಡೆಯದೆಂದು ತಿಳಿಯುವುದಿಲ್ಲ. ತೋಟದಲ್ಲಿ ಮೇಲಿನಿಂದ ಆಳು 'ಕಾಯಿ ಬಂತು' ಎಂದು ಕೂಗಿದರೆ ಯಾವ ಮರ? ಈಗ ಕಾಯಿ ಕೀಳುವ ದಿನ ತೋಟದಂಚಿಗೇ ನಿಲ್ಲುತ್ತೇನೆ.

ಕಿವಿನೋವಿನ ಜೊತೆ ಗುಳ್ಳೆ, ತಲೆಸುತ್ತು ಅಥವಾ ಬಾಯಿ ಸೊಟ್ಟ ಕಂಡರೆ ಅದೇ ದಿನ ಇಎನ್‌ಟಿ ತಜ್ಞರ ಬಳಿ ಹೋಗಿ. ಕಿವಿ ಪರೀಕ್ಷೆ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಿ, ಸ್ಟೀರಾಯ್ಡು ಅದನ್ನು ಏರಿಸುತ್ತದೆ. 50 ದಾಟಿದವರಿಗೆ ಸರ್ಪಸುತ್ತಿನ 2 ಡೋಸಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ದುಬಾರಿ, ಆದರೂ ಹೆಂಡತಿಗೆ ಹಾಕಿಸಿದೆ. ಭಾವನಿಗೂ ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.